ಆ ಒಂದು ಗಂಟೆ ಯಾರ ಲೆಕ್ಕಕ್ಕೆ?

“ಏನು ಮೇಷ್ಟರೆ, ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ಸ್ನೋ ಪೌಡರಿನ ವಿಚಾರವೂ ಬರುತ್ತದೆಯೊ?” ಎಂದು ಪಕ್ಷದ ಕಚೇರಿಯಲ್ಲಿ ಹಿರಿಯ ಸಂಗಾತಿಯೊಬ್ಬರು ನಕ್ಕರು. ಲೇಸರ್ ಯಂತ್ರದಿಂದ ಮೈಮೇಲಿನ ಕೂದಲು ತೆಗೆಸಿಕೊಳ್ಳುವಾಗ ನೋವು ತಿಳಿಯದಿರಲೆಂದು ಚರ್ಮಕ್ಕೆ ಹಚ್ಚುವ ಮುಲಾಮಿನ ಬಗ್ಗೆ ಬರೆಯುತ್ತೇನೆಂದು ನಾನು ಹೇಳಿದ್ದೆ. ತುಟ್ಟಿಭತ್ಯೆಯ ಪ್ರಶ್ನೆ ಇದೆ, ಗುತ್ತಿಗೆ ಕೂಲಿಯ ಪ್ರಶ್ನೆ ಇದೆ. ಅವನ್ನೆಲ್ಲ ಬಿಟ್ಟು ಇದೇಕೆ ಎಂಬುದು ಅವರ ಮಾತಿನ ಅರ್ಥ. ಆ ಮಾತಿಗೆ ಉತ್ತರ ಕೊಡಲಿಕ್ಕೇ ಈ ಲೇಖನ.

ನಮ್ಮ ಸಂಘದ ಸದಸ್ಯರೊಬ್ಬರು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಅವರ ಮಗಳು ಪೇಟೆಯ ಸೀರೆ ಅಂಗಡಿಯಲ್ಲಿ ದುಡಿಯುತ್ತಾಳೆ. ಕೈಗಳ ಮೇಲೆ, ಗಲ್ಲದ ಮೇಲೆ ಕೂದಲು ಹೆಚ್ಚೆಂದು ಹುಡುಗಿಗೆ ಅಳುಕು. ನೋಡಲು ಬಂದ ಗಂಡಿನ ಕಡೆಯವರು ಒಮ್ಮೆ ಅದನ್ನೇ ಎತ್ತಿ ಆಡಿ ಹೋಗಿದ್ದರು. ಸಂಬಳದಲ್ಲಿ ತಿಂಗಳು ತಿಂಗಳು ಉಳಿಸಿದ ಹಣ ಹಿಡಿದುಕೊಂಡು ಅವಳು ಲೇಸರ್ ಯಂತ್ರವಿರುವ ಒಂದು ಪಾರ್ಲರಿಗೆ ಹೋದಳು. ಅಲ್ಲಿ ಹೆಸರಿಲ್ಲದ, ಚೀಟಿಯಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. “ನಾಳೆ ಬರುವ ಒಂದು ಗಂಟೆ ಮೊದಲು ಮನೆಯಲ್ಲೇ ದಪ್ಪಗೆ ಹಚ್ಚಿಕೊ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬಾ” ಎಂದರು. ಅವಳು ಹಾಗೆಯೇ ಮಾಡಿದಳು. ಬಸ್ಸಿನಲ್ಲಿ ಕಿವಿ ಗುಯ್ ಎನ್ನತೊಡಗಿತು, ತುಟಿ ಜೋಮು ಹಿಡಿಯಿತು, ತಲೆ ತಿರುಗಿತು. ಪಾರ್ಲರಿನಲ್ಲಿ ಹೇಳಿದರೆ, ಖಾಲಿ ಹೊಟ್ಟೆಯಲ್ಲಿ ಬಂದಿರಬೇಕು ಎಂದು ಸಕ್ಕರೆ ನೀರು ಕುಡಿಸಿ, ಕೆಲಸ ಮುಗಿಸಿ ಕಳಿಸಿದರು. ರಾತ್ರಿ ಮರಗಟ್ಟಿದ್ದು ಬಿಟ್ಟಾಗ ಎರಡು ಕೈಯಲ್ಲೂ ಉರಿ. ಬೆಳಗ್ಗೆ ನೋಡಿದರೆ ಬೊಬ್ಬೆ. ಹುಡುಗಿ ಈಗ ಚೆನ್ನಾಗಿದ್ದಾಳೆ. ಕೈಯ ಕಲೆ ಮಾತ್ರ ಉಳಿದಿದೆ. “ನನ್ನದೇ ತಪ್ಪು ಮೇಷ್ಟರೆ, ಹೆಚ್ಚಾಗಿ ಹಚ್ಚಿಬಿಟ್ಟೆ” ಎಂದು ಅವಳು ನನಗೆ ಹೇಳಿದಳು.

ಆ ಮಾತು ನನಗೆ ಚುಚ್ಚಿತು. ಯಂತ್ರಕ್ಕೆ ಬೆರಳು ಕೊಟ್ಟ ಕಾರ್ಮಿಕನೂ ಹೀಗೆಯೇ ಹೇಳುತ್ತಾನೆ. “ನನ್ನ ಅಜಾಗ್ರತೆಯಿಂದ ಆಯಿತು” ಎಂದು ಅವನಿಂದಲೇ ಬರೆಸಿಕೊಳ್ಳುವ ಮಾಲೀಕರನ್ನು ನಾವು ಕಂಡವರೇ. ಪೆಟ್ಟು ತಿಂದವನೇ ತಪ್ಪಿತಸ್ಥ ಎಂಬ ನ್ಯಾಯವನ್ನು ಗಿರಣಿಯ ಒಳಗೆ ನಾವು ಒಪ್ಪಲಿಲ್ಲ. ಗಿರಣಿಯ ಹೊರಗೆ ಏಕೆ ಒಪ್ಪಬೇಕು?

ಮುಲಾಮು ಮಾಡುವ ಕೆಲಸ

ಮೊದಲು ವಸ್ತು ಏನೆಂಬುದನ್ನು ತಿಳಿಯೋಣ. ಲೇಸರ್ ಎಂದರೆ ಒಂದೇ ಬಣ್ಣದ, ಒಟ್ಟುಗೂಡಿಸಿದ ಪ್ರಬಲ ಬೆಳಕು. ಅಮೆರಿಕದ ಥಿಯೋಡರ್ ಮೈಮನ್ ಎಂಬ ವಿಜ್ಞಾನಿ ೧೯೬೦ರಲ್ಲಿ ಮೊದಲ ಲೇಸರ್ ಸಾಧನವನ್ನು ಬೆಳಗಿಸಿ ತೋರಿಸಿದರು. ಕೂದಲಿನ ಕಪ್ಪು ಬಣ್ಣ ಈ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿಗೆ ಬೇರು ಸುಟ್ಟುಹೋಗುತ್ತದೆ. ಎಲ್ಲ ಕೂದಲೂ ಏಕಕಾಲಕ್ಕೆ ಬೆಳೆಯುವ ಹಂತದಲ್ಲಿ ಇರುವುದಿಲ್ಲವಾದ್ದರಿಂದ ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಪ್ರತಿ ಸಲವೂ ಚರ್ಮಕ್ಕೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಚುರುಕ್ ಎಂದು ಹೊಡೆಯುತ್ತದೆ. ಆ ನೋವಿಗಾಗಿಯೇ ಮುಲಾಮು.

ಮುಲಾಮಿನಲ್ಲಿರುವುದು ಅರಿವಳಿಕೆಯ ಮದ್ದು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಎಂಬ ವೈದ್ಯರು ಕಣ್ಣಿಗೆ ಕೊಕೇನ್ ಹಾಕಿ ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದರು. ಕೊಕೇನ್ ಚಟ ಹಿಡಿಸುವ ವಿಷವಾದ್ದರಿಂದ ಬೇರೆ ಮದ್ದಿನ ಹುಡುಕಾಟ ನಡೆಯಿತು. ೧೯೪೩ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿ ನೋಡಿದರು. ೧೯೪೮ರಿಂದ ಅದು ಮಾರಾಟದಲ್ಲಿದೆ. ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ನಮ್ಮಲ್ಲಿ ಅನೇಕರಿಗೆ ಇದರ ಸೂಜಿ ಬಿದ್ದಿದೆ. ಬಡವನ ನೋವನ್ನು ಇಷ್ಟು ಅಗ್ಗದಲ್ಲಿ ಇಳಿಸಿದ ಮದ್ದುಗಳು ವಿರಳ. ಮದ್ದಿನ ಮೇಲೆ ನಮಗೆ ದ್ವೇಷವಿಲ್ಲ, ಕೃತಜ್ಞತೆಯೇ ಇದೆ.

ನರವು ಟೆಲಿಫೋನ್ ತಂತಿ ಇದ್ದ ಹಾಗೆ. ಚರ್ಮಕ್ಕೆ ಪೆಟ್ಟಾದರೆ ಸುದ್ದಿ ತಂತಿಯ ಮೂಲಕ ಮೆದುಳಿಗೆ ಹೋಗುತ್ತದೆ. ಲಿಗ್ನೊಕೇನ್ ಆ ತಂತಿಯಲ್ಲಿ ಸುದ್ದಿ ಹರಿಯದಂತೆ ಸ್ವಲ್ಪ ಹೊತ್ತು ತಡೆಯುತ್ತದೆ. ಚರ್ಮದಲ್ಲಿದ್ದಷ್ಟು ಹೊತ್ತು ಅದು ಉಪಕಾರಿ. ಆದರೆ ಚರ್ಮ ಕಲ್ಲುಗೋಡೆಯಲ್ಲ. ಹಚ್ಚಿದ್ದರಲ್ಲಿ ಸ್ವಲ್ಪ ಒಳಗಿಳಿದು ರಕ್ತ ಸೇರುತ್ತದೆ. ರಕ್ತದಲ್ಲಿ ಹೆಚ್ಚಾದರೆ ಮೆದುಳಿನ ತಂತಿಯನ್ನೂ ಹೃದಯದ ತಂತಿಯನ್ನೂ ತಡೆಯುತ್ತದೆ. ಹೃದಯದ ಬಡಿತ ಹದ ತಪ್ಪಿದಾಗ ಆಸ್ಪತ್ರೆಯಲ್ಲಿ ಇದೇ ಮದ್ದನ್ನು ಅಳೆದು ರಕ್ತನಾಳಕ್ಕೆ ಕೊಡುವುದುಂಟು. ಹೃದಯದ ಮೇಲೆ ಇಷ್ಟು ಹಿಡಿತವಿರುವ ಮದ್ದನ್ನು ಸ್ನೋ ಹಚ್ಚಿದಂತೆ ಹಚ್ಚಬಹುದೆ? ಹಲವು ಮುಲಾಮುಗಳಲ್ಲಿ ಇದರ ಜೊತೆಗೆ ಪ್ರಿಲೊಕೇನ್ ಎಂಬ ಇನ್ನೊಂದು ಮದ್ದೂ ಇರುತ್ತದೆ. ಅದು ಮಿತಿಮೀರಿದರೆ ರಕ್ತಕ್ಕೆ ಆಮ್ಲಜನಕವನ್ನು ಅಂಗಾಂಗಗಳಿಗೆ ತಲುಪಿಸುವ ಶಕ್ತಿ ಕುಂದುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ.

ಸ್ವಲ್ಪ ಲೆಕ್ಕ

ಎರಡೂ ಮದ್ದು ಶೇಕಡಾ ಎರಡೂವರೆಯಂತೆ ಬೆರೆತಿರುವ ಮುಲಾಮು ಸಾಮಾನ್ಯವಾಗಿ ಬಳಕೆಯಲ್ಲಿದೆ. ಒಂದು ಗ್ರಾಮಿನಲ್ಲಿ ಒಂದೊಂದು ಮದ್ದೂ ೨೫ ಮಿಲಿಗ್ರಾಂ. ಮೂವತ್ತು ಗ್ರಾಮಿನ ಕೊಳವೆಯಲ್ಲಿ ಲಿಗ್ನೊಕೇನ್ ಒಂದೇ ೭೫೦ ಮಿಲಿಗ್ರಾಂ ಆಯಿತು. ಬೇರೆ ಮದ್ದು ಬೆರೆಸದ ಲಿಗ್ನೊಕೇನನ್ನು ಸೂಜಿಯಿಂದ ಚರ್ಮದಡಿಗೆ ಕೊಡುವಾಗ, ವಯಸ್ಕರಿಗೆ ಸುಮಾರು ೩೦೦ ಮಿಲಿಗ್ರಾಂ ದಾಟಬಾರದೆಂದು ವೈದ್ಯರು ಲೆಕ್ಕವಿಡುತ್ತಾರೆ. ಮುಲಾಮಿನದೆಲ್ಲ ಒಳಗೆ ಹೋಗುವುದಿಲ್ಲ, ನಿಜ. ಎಷ್ಟು ಹೋಗುತ್ತದೆಂಬುದು ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಜಾಗಕ್ಕೆ ಹಚ್ಚಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಮೇಲೆ ಏನಾದರೂ ಸುತ್ತಿದಿರಾ, ಚರ್ಮ ಕೆರೆದು ತರಚಿತ್ತೆ. ಇವು ಹೆಚ್ಚಿದಂತೆ ಒಳಗಿಳಿಯುವುದೂ ಹೆಚ್ಚುತ್ತದೆ.

ಎಮ್ಲಾ ಎಂಬ ಹೆಸರಿನ ಇಂಥದೇ ಮುಲಾಮಿನ ಬ್ರಿಟನ್ನಿನ ಸೂಚನಾಪತ್ರದಲ್ಲಿ, ಲೇಸರಿನಿಂದ ಕೂದಲು ತೆಗೆಸುವವರಿಗೆಂದೇ ಅಳತೆ ಕೊಟ್ಟಿದ್ದಾರೆ. ವಯಸ್ಕರಿಗೆ ಹೆಚ್ಚೆಂದರೆ ೬೦ ಗ್ರಾಂ, ಹೆಚ್ಚೆಂದರೆ ೬೦೦ ಚದರ ಸೆಂಟಿಮೀಟರ್ ಚರ್ಮ. ೬೦೦ ಚದರ ಸೆಂಟಿಮೀಟರ್ ಎಂದರೆ ಜೆರಾಕ್ಸ್ ಅಂಗಡಿಯ ಒಂದು ಎ೪ ಹಾಳೆಗಿಂತ ತುಸು ಕಡಮೆ. ಈಗ ಮೈಯ ಲೆಕ್ಕ ಹಾಕಿರಿ. ಸುಟ್ಟಗಾಯದ ವಾರ್ಡಿನಲ್ಲಿ ವೈದ್ಯರು ಒಂದು ತೋಳನ್ನು ಮೈಯ ನೂರರಲ್ಲಿ ಒಂಬತ್ತು ಪಾಲು, ಒಂದು ಕಾಲನ್ನು ಹದಿನೆಂಟು ಪಾಲು ಎಂದು ಎಣಿಸುತ್ತಾರೆ. ಮಧ್ಯಮ ಮೈಕಟ್ಟಿನ ಹೆಂಗಸಿನ ಚರ್ಮ ಒಟ್ಟು ೧೬,೦೦೦ ಚದರ ಸೆಂಟಿಮೀಟರ್ ಎಂದು ಹಿಡಿದರೆ, ಎರಡು ತೋಳುಗಳೇ ೨,೮೮೦ ಆದವು. ಎರಡು ಕಾಲುಗಳು ೫,೭೬೦. ಅಂದರೆ ತೋಳುಗಳಿಗೆ ಪೂರ್ತಿ ಹಚ್ಚಿದರೆ ಮಿತಿಯ ನಾಲ್ಕು ಪಟ್ಟು ಮೀರಿತು. ಕಾಲುಗಳಿಗೆ ಹಚ್ಚಿದರೆ ಒಂಬತ್ತು ಪಟ್ಟು ಮೀರಿತು. ಈ ಲೆಕ್ಕವನ್ನು ಡಬ್ಬಿ ಕೊಟ್ಟವರು ಆ ಹುಡುಗಿಗೆ ಹೇಳಲಿಲ್ಲ. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ ಇದು!

ಅಮೆರಿಕದ ಎರಡು ಸಾವುಗಳು

ಇದು ಹೆದರಿಸುವ ಮಾತೆಂದು ತಿಳಿಯಬೇಡಿ. ೨೦೦೭ರ ಫೆಬ್ರುವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಡೀ ದೇಶಕ್ಕೆ ಒಂದು ಎಚ್ಚರಿಕೆ ಹೊರಡಿಸಿತು. ಲೇಸರಿನಿಂದ ಕೂದಲು ತೆಗೆಸುವ ನೋವು ಕಡಮೆಯಾಗಲೆಂದು ಇಪ್ಪತ್ತೆರಡು ಮತ್ತು ಇಪ್ಪತ್ತೈದು ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು ಕಾಲುಗಳಿಗೆ ಇಂಥ ಮುಲಾಮು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರು. ಇಬ್ಬರಿಗೂ ಫಿಟ್ಸ್ ಬಂತು, ಇಬ್ಬರೂ ಎಚ್ಚರ ತಪ್ಪಿದರು, ಇಬ್ಬರೂ ಸತ್ತರು. ಅವರು ಹಚ್ಚಿದ್ದು ಔಷಧಿ ಅಂಗಡಿಗಳಲ್ಲಿ ಬೆರೆಸಿ ಕೊಟ್ಟ, ಮದ್ದಿನ ಪ್ರಮಾಣ ಬಹಳ ಹೆಚ್ಚಿದ್ದ ಮುಲಾಮು.

ಆ ಎಚ್ಚರಿಕೆಯಲ್ಲಿ ಒಂದು ಸಣ್ಣ ಮಾತಿದೆ. ಅವರು ಪ್ಲಾಸ್ಟಿಕ್ ಸುತ್ತಿಕೊಂಡದ್ದು ತಮಗೆ ಹೇಳಿಕೊಟ್ಟಿದ್ದಂತೆಯೇ ಎಂಬುದು ಆ ಮಾತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ ಅವರು ಪ್ರಾಣ ಬಿಟ್ಟರು. ನಮ್ಮ ಗಿರಣಿ ಸಂಗಾತಿಯ ಮಗಳೂ ಹೇಳಿದ್ದನ್ನೇ ಮಾಡಿದ್ದಳು. ತಪ್ಪು ಯಾರದು ಎಂಬುದಕ್ಕೆ ಇನ್ನೂ ಸಾಕ್ಷಿ ಬೇಕೆ?

ಇದು ಹಳೆಯ ಕಥೆ, ಅಲ್ಲಿಗೆ ಮುಗಿಯಿತು ಎನ್ನುವಂತೆಯೂ ಇಲ್ಲ. ೨೦೨೪ರ ಮಾರ್ಚಿನಲ್ಲಿ ಅದೇ ಆಡಳಿತ ಆರು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಮುಲಾಮಿನಲ್ಲಿ ಲಿಗ್ನೊಕೇನ್ ಶೇಕಡಾ ನಾಲ್ಕನ್ನು ಮೀರಬಾರದೆಂಬುದು ಅಲ್ಲಿಯ ಮಿತಿ. ಆ ಮಿತಿಗಿಂತ ಹೆಚ್ಚಿನ ಸರಕು ಮಾರಾಟಕ್ಕೆ ಬಂದಿತ್ತು. ಹದಿನೇಳು ವರ್ಷಗಳಾದ ಮೇಲೂ ಲಾಭದ ಆಸೆಗೆ ಬುದ್ಧಿ ಬಂದಿರಲಿಲ್ಲ.

ಗಂಟೆಯ ಅರ್ಥಶಾಸ್ತ್ರ

ಹಾಗಾದರೆ ಪಾರ್ಲರಿನವರು ಮುಲಾಮನ್ನು ಮನೆಗೆ ಏಕೆ ಕೊಟ್ಟು ಕಳಿಸುತ್ತಾರೆ? ಅವರು ಕೊಲೆಗಾರರೆ? ಅಲ್ಲ. ಕಾರಣ ಬೇರೆ ಇದೆ. ಅದನ್ನು ಗಿರಣಿಯ ಕಾರ್ಮಿಕ ಸುಲಭವಾಗಿ ಅರಿಯುತ್ತಾನೆ.

ಮುಲಾಮು ಹಚ್ಚಿದ ಕೂಡಲೆ ಕೆಲಸ ಮಾಡುವುದಿಲ್ಲ. ಸರಿಯಾಗಿ ಹಿಡಿಯಲು ಒಂದು ಗಂಟೆಯಾದರೂ ಬೇಕು. ಆ ಒಂದು ಗಂಟೆ ಗಿರಾಕಿ ಅಂಗಡಿಯಲ್ಲೇ ಮಲಗಿದರೆ ಮಂಚ ತೆರವಾಗುವುದಿಲ್ಲ. ಯಂತ್ರ ನಿಂತಿರುತ್ತದೆ; ಕೋಣೆಯ ಬಾಡಿಗೆ ಮಾತ್ರ ಓಡುತ್ತಿರುತ್ತದೆ, ಯಂತ್ರದ ಸಾಲದ ಕಂತೂ ಓಡುತ್ತಿರುತ್ತದೆ. ಆದ್ದರಿಂದ ಈ ಗಂಟೆಯನ್ನು ಉಳಿಸಬೇಕು. ಉಳಿಸಲು ಮೂರು ದಾರಿಗಳಿವೆ. ಒಂದು, ಗಂಟೆಯನ್ನು ಗಿರಾಕಿಯ ಮನೆಗೆ, ಬಸ್ಸಿಗೆ ದಾಟಿಸುವುದು. ಎರಡು, ಬೇಗ ಹಿಡಿಯಲೆಂದು ಪ್ಲಾಸ್ಟಿಕ್ ಸುತ್ತಿಸುವುದು. ಮೂರು, ಮದ್ದಿನ ಪ್ರಮಾಣ ಏರಿಸುವುದು. ಮೂರೂ ದಾರಿಗಳು ಅಪಾಯದ ಕಡೆಗೇ ಹೋಗುತ್ತವೆ. ಗಿರಣಿಯಲ್ಲಿ ಊಟದ ಬಿಡುವನ್ನು ಕತ್ತರಿಸಿ, ತಿರುಗುತ್ತಿರುವ ಯಂತ್ರವನ್ನೇ ಒರೆಸು ಎನ್ನುವ ಲೆಕ್ಕ ಯಾವುದೋ ಇದೂ ಅದೇ. ಗಂಟೆ ಉಳಿದದ್ದು ಬಂಡವಾಳಕ್ಕೆ. ಅಪಾಯ ಬಂದದ್ದು ಹುಡುಗಿಗೆ.

ಶಸ್ತ್ರಕ್ರಿಯೆಯ ಕೋಣೆಯಲ್ಲಿ ಅರಿವಳಿಕೆ ಕೊಟ್ಟ ವೈದ್ಯರು ರೋಗಿಯನ್ನು ಬಿಟ್ಟು ಏಳುವುದಿಲ್ಲ. ಏಕೆ? ನೋವು ಮೈಯ ಕಾವಲುಗಾರ. ಕಾವಲುಗಾರನನ್ನು ಮಲಗಿಸಿದವನು ತಾನೇ ಎದ್ದು ಕಾಯಬೇಕು. ಲೇಸರಿನಲ್ಲಿಯೂ ಇದೇ ಧರ್ಮ. ಬೆಳಕಿನ ಹೊಡೆತ ಹೆಚ್ಚಾದರೆ “ಅಮ್ಮಾ, ಸುಡುತ್ತದೆ” ಎಂದು ಗಿರಾಕಿ ಕೂಗಬೇಕು; ಆಗ ಯಂತ್ರದ ಕಾವನ್ನು ಇಳಿಸಬೇಕು. ಚರ್ಮ ಪೂರ್ತಿ ಮರಗಟ್ಟಿದ್ದರೆ ಕೂಗುವವರು ಯಾರು? ಬಾಯ್ಲರಿನ ಸೇಫ್ಟಿ ವಾಲ್ವಿಗೆ ಹಗ್ಗ ಕಟ್ಟಿ, ಸದ್ದಿಲ್ಲ ಎಂದು ನೆಮ್ಮದಿಯಿಂದ ಕೂತ ಹಾಗೆ ಆಯಿತು.

ನಮ್ಮ ನಾಡಿನಲ್ಲಿ ಈ ಅಪಾಯ ಇನ್ನೊಂದು ಮಡಿಕೆ ಹೆಚ್ಚು. ಲೇಸರಿನ ಬೆಳಕು ಕೂದಲಿನ ಕಪ್ಪನ್ನು ಹುಡುಕುತ್ತದೆ ಎಂದೆನಲ್ಲ; ನಮ್ಮ ಚರ್ಮದಲ್ಲೂ ಅದೇ ಕಪ್ಪು ಇದೆ. ಬಿಳಿಯ ಚರ್ಮಕ್ಕೆ ಹೊಂದಿಸಿದ ಕಾವು ಕಂದು ಚರ್ಮವನ್ನು ಸುಡಬಲ್ಲದು. ಕಪ್ಪು ಚರ್ಮಕ್ಕೆ ಹೊಂದುವ ಬೇರೆ ಬಗೆಯ ಲೇಸರ್ ಇದೆ. ಚರ್ಮವನ್ನು ತಂಪಾಗಿಡುವ ಉಪಾಯಗಳೂ ಇವೆ. ಯಾವುದನ್ನು ಎಷ್ಟು ಬಳಸಬೇಕೆಂಬುದು ಕಲಿತವರ ಕೆಲಸ. ಬಿಳಿಯರ ಆಳ್ವಿಕೆಯೇ ಬಿಳಿಯ ಚರ್ಮವನ್ನು ಚೆಲುವಿನ ಅಳತೆಗೋಲಾಗಿ ಮಾಡಿತೆಂದು ಲೋಹಿಯಾ ಬರೆದಿದ್ದರು. ಆ ಅಳತೆಗೋಲು ಇಂದು ಯಂತ್ರದ ಗುಂಡಿಯಲ್ಲಿಯೂ ಕೂತಿರಬಹುದೆಂದು ನಾವು ಎಚ್ಚರದಿಂದಿರಬೇಕು.

ಹೀಯಾಳಿಕೆ ಸಲ್ಲದು

“ಕೂದಲು ತೆಗೆಸಲೇಬೇಕೇನು? ಶೋಕಿಗೆ ಹೋದವರು ನೋವು ತಿನ್ನಲಿ” ಎನ್ನುವ ಸಂಗಾತಿಗಳಿಗೆ ಎರಡು ಮಾತು. ಹೆಣ್ಣುಮಕ್ಕಳಲ್ಲಿ ಗಲ್ಲ, ಮೀಸೆಯ ಜಾಗದಲ್ಲಿ ದಟ್ಟ ಕೂದಲು ಬರುವುದಕ್ಕೆ ಅನೇಕ ಸಲ ಹಾರ್ಮೋನುಗಳ ಏರುಪೇರು, ಅಂಡಾಶಯದ ತೊಂದರೆ ಕಾರಣವಾಗಿರುತ್ತದೆ. ಅದು ಕಾಯಿಲೆಯ ವಿಚಾರ, ಶೋಕಿಯದಲ್ಲ. ಇನ್ನು ಉಳಿದವರ ಮಾತು: ಹುಡುಗಿಯ ತೋಳನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ನೋಡುವವರು ಯಾರು? ಅಂಗಡಿಯಲ್ಲಿ ಸೀರೆ ತೋರಿಸುವ ಹುಡುಗಿ “ನೋಡಲಿಕ್ಕೆ ಚೆನ್ನಾಗಿರಬೇಕು” ಎಂದು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಹೇಳುವವರು ಯಾರು? ಆ ನೋಟದ ಬೆಲೆಯನ್ನು ತೆರುತ್ತಿರುವವಳನ್ನೇ ನಾವೂ ಹೀಯಾಳಿಸಿದರೆ, ಗಂಡಿನ ಕಡೆಯವರಿಗೂ ನಮಗೂ ಏನು ವ್ಯತ್ಯಾಸ? ವರನ ಮನೆಯ ದರ್ಪದ ವಿರುದ್ಧದ ಹೋರಾಟ ದೊಡ್ಡದು, ದೀರ್ಘವಾದದ್ದು, ಅದು ನಡೆಯಲಿ. ಆದರೆ ಅದು ಗೆಲ್ಲುವ ತನಕ ನಮ್ಮ ಹುಡುಗಿಯರ ಕೈ ಸುಡುತ್ತಿರಲಿ ಎನ್ನಲಾಗದು. ನೋವು ಕಡಮೆ ಮಾಡಿಕೊಳ್ಳುವ ಹಕ್ಕು ಉಳ್ಳವಳಿಗೆ ಇದ್ದಷ್ಟೇ ಇಲ್ಲದವಳಿಗೂ ಇದೆ.

ಪಾರ್ಲರ್ ನಡೆಸುವ ಹೆಂಗಸರೂ ಔಷಧಿ ಅಂಗಡಿಯವರೂ ನಮ್ಮ ಓದುಗರಲ್ಲಿ ಇದ್ದಾರೆ. ಅವರನ್ನು ಶತ್ರುಗಳೆಂದು ಈ ಲೇಖಕ ತಿಳಿದಿಲ್ಲ. ಸಾಲ ತಂದು ಯಂತ್ರ ಹಾಕಿ, ತಿಂಗಳು ತಿಂಗಳು ಕಂತಿಗೆ ಹೆದರುತ್ತಾ ಕೂತಿರುವ ಸಣ್ಣ ವ್ಯಾಪಾರಿಯ ಕಷ್ಟ ನಮಗೆ ಗೊತ್ತು. ಮಂಚದ ಬಳಿ ನಿಂತು ಮುಲಾಮು ಹಚ್ಚುವ ಹುಡುಗಿಯೂ ಸಂಬಳದಾಳೇ; ಅವಳಿಗೆ ಯಾರೂ ಏನೂ ಕಲಿಸಿಲ್ಲ, ಅನಾಹುತವಾದರೆ ಬೈಗಳು ಮಾತ್ರ ಅವಳಿಗೇ. ಹೀಗಿರುವುದರಿಂದಲೇ ನಿಯಮ ಬೇಕು. ಒಬ್ಬಳು ಪ್ರಾಮಾಣಿಕಳಾಗಿ ಗಿರಾಕಿಯನ್ನು ಒಂದು ಗಂಟೆ ಕೂರಿಸಿಕೊಂಡು, ಪಕ್ಕದವರು ಡಬ್ಬಿ ಕೊಟ್ಟು ಕಳಿಸಿದರೆ, ಪ್ರಾಮಾಣಿಕಳ ಅಂಗಡಿಯೇ ಮುಚ್ಚುತ್ತದೆ. ನಿಯಮ ಎಲ್ಲರಿಗೂ ಒಂದೇ ಆದರೆ ಒಳ್ಳೆಯತನಕ್ಕೆ ದಂಡ ತೆರಬೇಕಾಗುವುದಿಲ್ಲ.

ನಮ್ಮ ಬೇಡಿಕೆ

ಒಂದು: ಹೆಸರು, ಪ್ರಮಾಣ, ಅವಧಿ ಮುಗಿಯುವ ತಾರೀಖು ಇಲ್ಲದ ಮುಲಾಮನ್ನು ಯಾರೂ ಯಾರ ಕೈಗೂ ಕೊಡಕೂಡದು. ಔಷಧದ ಮೇಲೆ ಇವೆಲ್ಲ ಇರಬೇಕೆಂಬುದು ೧೯೪೦ರ ಕಾಯ್ದೆ ಮತ್ತು ಅದರ ನಿಯಮಗಳಲ್ಲಿಯೇ ಇದೆ. ಇರುವ ಕಾಯ್ದೆಯನ್ನು ಇನ್‌ಸ್ಪೆಕ್ಟರುಗಳು ಜಾರಿಗೆ ತರಲಿ.

ಎರಡು: ಮಿತಿ ಎಷ್ಟು, ಎಷ್ಟು ಜಾಗ, ಎಷ್ಟು ಹೊತ್ತು ಎಂಬುದನ್ನು ಕನ್ನಡದಲ್ಲಿ ಬರೆದ ಚೀಟಿ ಪ್ರತಿ ಕೊಳವೆಯ ಜೊತೆಗಿರಲಿ.

ಮೂರು: ಮುಲಾಮು ಹಚ್ಚುವುದು ಅಂಗಡಿಯಲ್ಲೇ ಆಗಲಿ, ತಿಳಿದವರ ಕಣ್ಣೆದುರಿಗೇ ಆಗಲಿ. ಆ ಒಂದು ಗಂಟೆಯನ್ನು ಚಿಕಿತ್ಸೆಯ ಭಾಗವೆಂದು ಎಣಿಸಲಿ.

ನಾಲ್ಕು: ಕರ್ನಾಟಕದಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಅರಿವಳಿಕೆ ಹಚ್ಚಿ ಚರ್ಮಕ್ಕೆ ಲೇಸರ್ ಹಾಯಿಸುವ ಜಾಗ, ಪಾರ್ಲರ್ ಎಂಬ ಹಲಗೆಯ ಮರೆಯಲ್ಲಿ ವೈದ್ಯರಿಲ್ಲದೆ ನಡೆಯದಂತೆ ಸರ್ಕಾರ ನೋಡಿಕೊಳ್ಳಲಿ.

ಐದು: ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ, ಕಾಯಿಲೆಯಿಂದ ಮುಖದ ಮೇಲೆ ಕೂದಲು ಬಂದವರಿಗಾದರೂ ಈ ಚಿಕಿತ್ಸೆ ಕೈಗೆಟಕುವ ದರದಲ್ಲಿ ದೊರೆಯಲಿ. ಅಗ್ಗವೂ ಸುರಕ್ಷಿತವೂ ಆದ ಜಾಗವಿಲ್ಲದ ಊರಿನಲ್ಲಿ ಬಡವರು ಅಪಾಯದ ಜಾಗಕ್ಕೇ ಹೋಗುತ್ತಾರೆ.

ಬೇಡಿಕೆ ಈಡೇರುವ ತನಕ ಕಾಯದೆ ಇಂದೇ ಮನೆಯ ಹೆಣ್ಣುಮಕ್ಕಳಿಗೆ ಈ ನಾಲ್ಕು ಮಾತು ಹೇಳಿ. ಹೆಸರಿಲ್ಲದ ಡಬ್ಬಿ ಮುಟ್ಟಬೇಡಿ. ಸಣ್ಣ ಜಾಗಕ್ಕಷ್ಟೇ, ವೈದ್ಯರು ಹೇಳಿದಷ್ಟೇ ಹಚ್ಚಿ. ದೊಡ್ಡ ಜಾಗವಾದರೆ ಬೇರೆ ಬೇರೆ ದಿನ ಭಾಗ ಭಾಗವಾಗಿ ಮಾಡಿಸಿಕೊಳ್ಳಿ. ತಣ್ಣನೆಯ ಗಾಳಿ ಅಥವಾ ಮಂಜುಗಡ್ಡೆಯ ತಂಪೂ ನೋವನ್ನು ಬಹಳ ಮಟ್ಟಿಗೆ ಇಳಿಸುತ್ತದೆ. ತರಚಿದ ಚರ್ಮಕ್ಕೆ ಹಚ್ಚಬೇಡಿ, ವೈದ್ಯರು ಹೇಳದೆ ಏನನ್ನೂ ಸುತ್ತಬೇಡಿ, ಬಿಸಿ ತಾಗಿಸಬೇಡಿ. ಬಸಿರು, ಹೃದಯದ ಅಥವಾ ಪಿತ್ತಕೋಶದ ಕಾಯಿಲೆ, ಫಿಟ್ಸ್ ಇದ್ದರೆ ಮೊದಲೇ ಹೇಳಿ. ಹಚ್ಚಿದ ಮೇಲೆ ಕಿವಿ ಗುಯ್ ಎಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ತುಟಿ ಜೋಮು ಹಿಡಿದರೆ ಅಥವಾ ನೀಲಿಗಟ್ಟಿದರೆ, ತಲೆ ತಿರುಗಿದರೆ, ಸಕ್ಕರೆ ನೀರು ಕುಡಿಯುತ್ತ ಕೂರಬೇಡಿ. ಮುಲಾಮನ್ನು ಒರೆಸಿ ತೊಳೆದು, ೧೦೮ಕ್ಕೆ ಫೋನು ಮಾಡಿ, ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ನಕ್ಕ ಹಿರಿಯ ಸಂಗಾತಿಗೆ ನನ್ನ ಉತ್ತರ ಇಷ್ಟೇ. ದುಡಿಯುವವನ ಗಂಟೆಯನ್ನು ಕದಿಯುವುದರ ವಿರುದ್ಧ ಹುಟ್ಟಿದ ಪಕ್ಷ ನಮ್ಮದು. ಪಾರ್ಲರಿನ ಮಂಚದ ಮೇಲೆ ಕದ್ದ ಗಂಟೆಯೂ ಗಂಟೆಯೇ. ಅದನ್ನು ತೆತ್ತವಳು ನಮ್ಮ ಗಿರಣಿಯವನ ಮಗಳು. ಮುಂದಿನ ವಾರ್ಡು ಸಭೆಗೆ ಅವಳೂ ಬರುತ್ತೇನೆಂದಿದ್ದಾಳೆ. “ನನ್ನದೇ ತಪ್ಪು” ಎಂಬ ಮಾತನ್ನು ಅಲ್ಲಿ ಅವಳ ಬಾಯಿಂದ ಇನ್ನೊಮ್ಮೆ ಕೇಳುವ ಪ್ರಸಂಗ ಬಾರದಿರಲಿ.